ಖರೇ ಹೇಳಿದವರ ಪಟ್ಟಿ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು. ಇಪ್ಪತ್ತು ವರ್ಷ ಮೀರಿದ ನನ್ನ ನೌಕರಿ ಈ ನಾಲ್ಕು ಊರುಗಳಲ್ಲೇ ಕಳೆದಿದೆ. ಊರಾಡಳಿತದ ಕಚೇರಿಯಲ್ಲಿ ನಾನು ಆರೋಗ್ಯ ನಿರೀಕ್ಷಕಿ. ಗಟಾರ, ಕಸ, ಸೊಳ್ಳೆ, ಹೋಟೆಲಿನ ಅಡುಗೆಮನೆ, ಅಂಗಡಿಯ ಪರವಾನಗಿ, ಇಷ್ಟೇ ನನ್ನ ಲೋಕ. ವರ್ಗವಾದಾಗಲೆಲ್ಲ ಬೆಳಗಿನ ಬಸ್ಸು ಬದಲಾಗುತ್ತಿತ್ತು, ಹಾನಗಲ್ಲಿನ ಮನೆ ಬದಲಾಗುತ್ತಿರಲಿಲ್ಲ. ಈಗ ಬರೆಯುತ್ತಿರುವುದು ಆ ನಾಲ್ಕರಲ್ಲಿ ಒಂದು ಊರಿನಲ್ಲಿ ನಡೆದದ್ದು. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಇನ್ನೂ ಒಲೆ ಹಚ್ಚಿಕೊಂಡು ಬದುಕುತ್ತಿರುವ ಒಬ್ಬಿಬ್ಬರಿಗೆ ತೊಂದರೆಯಾದೀತು. ನನ್ನ ಕೈಯಿಂದ ಅವರಿಗೆ ಒಂದು ಸಲ ಆದದ್ದೇ ಸಾಕು.

ಆ ಊರಿನ ಕೆರೆಯ ಕೋಡಿ ದಾಟಿದರೆ ಒಂದು ಉದ್ದನೆಯ ಓಣಿ. ಓಣಿಯ ಎರಡೂ ಮಗ್ಗುಲಿಗೆ ಚುರುಮುರಿ ಭಟ್ಟಿಗಳು. ನಾನು ಅಲ್ಲಿಗೆ ವರ್ಗವಾಗಿ ಹೋದಾಗ ಹನ್ನೊಂದು ಇದ್ದವು. ಭತ್ತ ಕುದಿಸಿ, ಅಂಗಳದಲ್ಲಿ ಒಣಗಿಸಿ, ಗಿರಣಿಗೆ ಕಳಿಸಿ ಅಕ್ಕಿ ಮಾಡಿಸಿಕೊಂಡು ಬಂದು, ಕಾದ ಉಸುಕಿನಲ್ಲಿ ಹುರಿದು ಚುರುಮುರಿ ಮಾಡುತ್ತಿದ್ದರು. ಬೆಳಗಿನ ಜಾವವೇ ಒಲೆ ಹತ್ತುತ್ತಿತ್ತು. ಉಸುಕು ಬೇಗ ಕಾಯಬೇಕು, ಕಾವು ಒಂದೇ ಸಮ ಇರಬೇಕು. ಭತ್ತದ ಹೊಟ್ಟು ಸಿಕ್ಕರೆ ಹೊಟ್ಟು ಉರಿಸುತ್ತಿದ್ದರು. ಸಿಗದಿದ್ದರೆ ಕಟ್ಟಿಗೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿಯಾದಾಗ, ಲಾರಿ ಟ್ರ್ಯಾಕ್ಟರುಗಳ ಹಳೇ ಟೈರು. ಟೈರಿನ ಒಂದು ತುಂಡು ಒಲೆಗೆ ಬಿದ್ದರೆ ಉರಿ ಹೂಂಕರಿಸಿ ಏಳುತ್ತದೆ. ಅದರ ಹಿಂದೆಯೇ ಕರೀ ಹೊಗೆ ಏಳುತ್ತದೆ. ಆ ಹೊಗೆ ಕೆರೆಯ ಮೇಲೆ ಹಾದು ಕನ್ನಡ ಶಾಲೆಯ ಕಿಟಕಿಗೆ ಹೋಗುತ್ತಿತ್ತು. ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂತಿರುತ್ತಿತ್ತು. ಓಣಿಯ ಹೆಂಗಸರ ಕೆಮ್ಮು ಆಸ್ಪತ್ರೆಯ ಔಷಧಿಗೆ ಬಗ್ಗುತ್ತಿರಲಿಲ್ಲ.

ಇದೆಲ್ಲ ನಮಗೆ ಗೊತ್ತಿತ್ತು. ನಮಗೆ ಗೊತ್ತಿದೆ ಎನ್ನುವುದು ಅವರಿಗೂ ಗೊತ್ತಿತ್ತು. ನಾನು ಓಣಿಯ ತಿರುವಿಗೆ ಬಂದರೆ ಮೊದಲ ಭಟ್ಟಿಯವರು ಜೋರಾಗಿ ಕೆಮ್ಮುತ್ತಿದ್ದರು. ಅದು ಮುಂದಿನವರಿಗೆ ಸೂಚನೆ. ನಾನು ಹತ್ತಿರ ಹೋಗುವಷ್ಟರಲ್ಲಿ ಟೈರಿನ ತುಂಡುಗಳ ಮೇಲೆ ಗೋಣಿತಾಟು ಬಿದ್ದಿರುತ್ತಿತ್ತು. "ಏನ ಉರಸ್ತೀರಿ?" ಎಂದು ಕೇಳುತ್ತಿದ್ದೆ. "ಹೊಟ್ಟ್ರಿ ಬಾಯಾರ, ಹೊಟ್ಟು," ಎನ್ನುತ್ತಿದ್ದರು. ನಾನು ವಹಿಯಲ್ಲಿ ಹೊಟ್ಟು ಎಂದು ಬರೆದುಕೊಂಡು ಬರುತ್ತಿದ್ದೆ. ನನ್ನ ಹಿಂದಿನವರೂ ಹಾಗೆಯೇ ಬರೆದಿದ್ದರು. ಸುಳ್ಳು ಕೇಳಿ ಸುಳ್ಳು ಬರೆದು ನಾವೆಲ್ಲ ಸುಖವಾಗಿದ್ದೆವು.

ಅಷ್ಟರಲ್ಲಿ ಒಬ್ಬ ಹೊಸ ಮುಖ್ಯಾಧಿಕಾರಿ ಬಂದರು. ತುಮಕೂರಿನ ಕಡೆಯವರು, ಚಿಕ್ಕ ವಯಸ್ಸು. ಮೇಲಿನಿಂದ ಆದೇಶವೂ ಬಂದಿತ್ತು. ಪ್ರತಿ ಊರೂ ತನ್ನ ಹೊಗೆಯನ್ನು ಕಡಿಮೆ ಮಾಡಲು ಒಂದು ಯೋಜನೆ ಮಾಡಬೇಕು, ಅದರಲ್ಲಿ ಊರಿನ ಉದ್ದಿಮೆಯವರನ್ನು ಜೊತೆಗೆ ತೆಗೆದುಕೊಳ್ಳಬೇಕು. ಇಂಥ ಆದೇಶಗಳನ್ನು ಕಡತದಲ್ಲಿ ಸೇರಿಸಿ ಮರೆಯುವುದು ನಮ್ಮ ರೂಢಿ. ಇವರು ಮರೆಯಲಿಲ್ಲ. ನನ್ನನ್ನು ಕರೆದು ಕೂರಿಸಿಕೊಂಡರು.

"ಮೇಡಂ, ಆ ಓಣಿಯಲ್ಲಿ ನಿಜವಾಗಿ ಏನು ಸುಡ್ತಾರೆ?"

"ಕಾಗದದಾಗ ಹೊಟ್ಟು ಅಂತ ಐತ್ರಿ."

"ಕಾಗದ ನಾನೂ ಓದಿದೀನಿ. ನಿಜ ಹೇಳಿ."

ನಾನು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಎಷ್ಟು ಸುಡ್ತಾರೆ, ಯಾಕೆ ಸುಡ್ತಾರೆ ಅಂತ ಗೊತ್ತಾಗದೆ ಯೋಜನೆ ಹೇಗೆ ಮಾಡೋದು? ಅವರೇ ಬಾಯಿಬಿಟ್ಟು ಹೇಳಬೇಕು. ಹೇಳಿದವರಿಗೆ ದಂಡ ಹಾಕಲ್ಲ. ಹೊಸ ಒಲೆಗೆ ಅನುದಾನ ಕೇಳೋಣ. ನಿಮ್ಮ ಮಾತು ಅಲ್ಲಿ ನಡೆಯುತ್ತಾ?" ಎಂದು ಕೇಳಿದರು.

ನಡೆಯುತ್ತಿರಲಿಲ್ಲ. ಆದರೂ ನಡೆಸುತ್ತೇನೆ ಎಂದೆ. ಅಲ್ಲಿಯವರೆಗಿನ ನೌಕರಿಯಲ್ಲಿ ಒಬ್ಬ ಅಧಿಕಾರಿ ನನ್ನನ್ನು ನಿಜ ಕೇಳಿದ್ದು ಅದೇ ಮೊದಲು. ಅದರ ಅಮಲು ನನಗೆ ಏರಿರಬೇಕು.

ಮೊದಮೊದಲು ಬರಿಗೈಯಲ್ಲಿ ಹೋದೆ. ವಹಿ ಇಲ್ಲ, ನೋಟಿಸಿನ ಪುಸ್ತಕ ಇಲ್ಲ. ಓಣಿಯ ಹಿರಿಯರೊಬ್ಬರು ಭಟ್ಟಿಯವರ ಸಂಘಕ್ಕೆ ಮುಖ್ಯಸ್ಥರಾಗಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ. ಮೂರು ತಲೆಮಾರಿನಿಂದ ಅವರ ಮನೆತನದ್ದು ಅಲ್ಲಿ ಭಟ್ಟಿ. ನಾನು ಅವರ ಕಟ್ಟೆಯ ಮೇಲೆ ಕೂತೆ. ಮೊದಲ ದಿನ ಅವರು ಮಳೆಯ ವಿಷಯ ಬಿಟ್ಟು ಬೇರೆ ಏನೂ ಮಾತಾಡಲಿಲ್ಲ. ಕುದಿಸಿದ ಭತ್ತ ಅಂಗಳದಲ್ಲಿ ಇದ್ದಾಗ ಅಕಾಲದ ಮಳೆ ಬಂದರೆ ಒಂದೇ ಹೊತ್ತಿನಲ್ಲಿ ಭತ್ತ ಮುಗ್ಗುಹಿಡಿಯುತ್ತದೆ, ಹುರಿದರೆ ಅರಳುವುದಿಲ್ಲ.

"ಮೊದಲ ನಮ್ಮಪ್ಪ ಮುಗಲ ನೋಡಿ ಭತ್ತ ಕುದಸ್ತಿದ್ದ. ಈಗ ಮುಗಲ ನೋಡಿದ್ರ ಏನೂ ತಿಳಿಯೂದಿಲ್ರಿ. ಬ್ಯಾಸಿಗ್ಯಾಗ ಮಳಿ, ಮಳಿಗಾಲದಾಗ ಬಿಸಲು. ಮಳಿಗೆ ಹುಚ್ಚ ಹಿಡದೈತಿ," ಎಂದರು.

"ನಮ್ಮ ಹೊಗಿನೂ ಅದಕ್ಕ ಒಂದು ಕಾರಣ ಅಂತಾರ್ರಿ ಕಾಕಾ," ಎಂದೆ.

ಅವರು ನನ್ನ ಮುಖ ನೋಡಿದರು. "ನಮ್ಮ ಒಲಿ ಅಷ್ಟ ದೊಡ್ಡದೇನ್ರಿ ಬಾಯಾರ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದ್ದು.

ನಂಬಿಸಬೇಕಾದರೆ ಮೊದಲು ಏನಾದರೂ ಮಾಡಿ ತೋರಿಸಬೇಕು ಎಂದು ಮುಖ್ಯಾಧಿಕಾರಿ ಸಾಹೇಬರಿಗೆ ಹೇಳಿದೆ. ಓಣಿಯ ಗಟಾರ ವರ್ಷಗಳಿಂದ ಕಟ್ಟಿಕೊಂಡಿತ್ತು. ಭತ್ತ ಕುದಿಸಿದ ನೀರು ಅದರಲ್ಲೇ ನಿಂತು ನಾರುತ್ತಿತ್ತು. ಅವರು ಕೊಟ್ಟ ಅರ್ಜಿಗಳು ನಮ್ಮ ಕಚೇರಿಯ ಕಪಾಟಿನಲ್ಲಿ ಒಂದು ಕಟ್ಟು ಇದ್ದವು. ಹತ್ತು ದಿನದೊಳಗೆ ಗಟಾರ ತೆಗೆಸಿದೆವು. ಪೌರಕಾರ್ಮಿಕರ ಜೊತೆ ನಾನೂ ಮೂರು ದಿನ ಅಲ್ಲೇ ನಿಂತೆ. ಮೂರನೆಯ ದಿನ ಓಣಿಯ ಹೆಂಗಸೊಬ್ಬಳು ಸ್ಟೀಲ್ ತಟ್ಟೆಯಲ್ಲಿ ಒಗ್ಗರಣೆ ಹಾಕಿದ ಚುರುಮುರಿ ತಂದು ನನ್ನ ಕೈಗಿತ್ತಳು. ಎಡಗಡೆಯ ನಾಲ್ಕನೆಯ ಭಟ್ಟಿ ಅವಳದು, ಓಣಿಯಲ್ಲೇ ಎಲ್ಲಕ್ಕಿಂತ ಸಣ್ಣದು. ಗಂಡ ಹುರಿಯುತ್ತಿದ್ದ, ಇವಳು ಜರಡಿ ಹಿಡಿಯುತ್ತಿದ್ದಳು, ವ್ಯಾಪಾರವೂ ಇವಳದೇ.

"ತಿನ್ರಿ ಅಕ್ಕಾರ. ಆದ್ರ ಇದನ್ನ ತಿಂದಿರಿ ಅಂತ ನಾವು ನಂಬೇವಿ ಅನಕೋಬ್ಯಾಡ್ರಿ," ಎಂದಳು.

ಆ ಮಾತಿಗೆ ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಹೊಟ್ಟಿನ ಕೆಲಸಕ್ಕೆ ಕೈಹಾಕಿದೆವು. ಗಿರಣಿಗಳ ಹೊಟ್ಟನ್ನು ಇಟ್ಟಿಗೆ ಸುಡುವವರು ಮೊದಲೇ ಹಿಡಿದಿಡುತ್ತಿದ್ದರು, ಭಟ್ಟಿಯವರಿಗೆ ಉಳಿದದ್ದು ಸಿಗುತ್ತಿತ್ತು. ಟೈರಿಗೆ ಅವರು ಕೈಹಾಕಲು ಅರ್ಧ ಕಾರಣ ಅದೇ. ನಾನು, ಆ ಹಿರಿಯರು ಸೇರಿ ಹಾನಗಲ್ಲಿನ ಕಡೆಯ ಗಿರಣಿಗಳನ್ನು ಸುತ್ತಿದೆವು. ಹಿರಿಯರು ನನ್ನ ಪಕ್ಕದ ಸೀಟಿನಲ್ಲಿ ಕೂತು ಬಸ್ಸಿನ ಕಿಟಕಿಯಿಂದ ಗದ್ದೆಗಳನ್ನು ತೋರಿಸಿ, ಯಾವ ಭತ್ತ ಚುರುಮುರಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುತ್ತ ಬರುತ್ತಿದ್ದರು. ಎರಡು ಗಿರಣಿಯವರು ಹೊಟ್ಟು ಕೊಡಲು ಒಪ್ಪಿದರು. ವಾಪಸು ಬರುವಾಗ ಹಿರಿಯರು ನನ್ನನ್ನು ಬಾಯಾರ ಎನ್ನುವುದು ಬಿಟ್ಟು ತಂಗಿ ಎಂದು ಕರೆದರು. ಅದನ್ನು ನಾನು ಗಮನಿಸಿದೆ. ಮನೆಗೆ ಹೋಗಿ ಅವ್ವನಿಗೂ ಹೇಳಿದೆ.

ಊರಿನ ವೆಲ್ಡಿಂಗ್ ಅಂಗಡಿಯವನು ಹಿರಿಯರ ಭಟ್ಟಿಗೆ ಒಂದು ಹೊಸ ಒಲೆ ಮಾಡಿಕೊಟ್ಟ. ಮೇಲಿನಿಂದ ಹೊಟ್ಟು ತಾನಾಗಿ ಇಳಿಯುವ ಡಬ್ಬಿ, ಕೆಳಗೆ ಜಾಲರಿ, ಪಕ್ಕದಲ್ಲಿ ಗಾಳಿ ಊದುವ ಒಂದು ಸಣ್ಣ ಪಂಖ. ಮೊದಲ ವಾರ ಎರಡು ಸಲ ಆರಿತು, ಒಂದು ಸಲ ಉರಿವ ಹೊಟ್ಟು ಹಾರಿ ಹಿರಿಯರ ಮೀಸೆ ಸುಟ್ಟಿತು. ಮೂರನೆಯ ವಾರಕ್ಕೆ ಉರಿ ಒಂದೇ ಸಮ ನಿಂತಿತು. ಹೊಗೆ ನೋಡಿದರೆ ಮನೆಯ ಅಡುಗೆ ಒಲೆಯ ಹೊಗೆಯಷ್ಟು. ಓಣಿಯವರೆಲ್ಲ ಬಂದು ಚಿಮಣಿಯನ್ನು ನೋಡುತ್ತ ನಿಂತರು. ಸಾಹೇಬರೂ ಬಂದರು. ತಮ್ಮ ಫೋನಿನಲ್ಲಿ ಚಿಮಣಿಯ ಚಿತ್ರ ತೆಗೆದುಕೊಂಡರು.

ಆಮೇಲೆ ನಮೂನೆಗಳು ಬಂದವು. ದಿನಕ್ಕೆ ಎಷ್ಟು ಹೊಟ್ಟು, ಎಷ್ಟು ಕಟ್ಟಿಗೆ, ಬೇರೆ ಏನು ಉರಿಸುತ್ತೀರಿ, ವರ್ಷದಲ್ಲಿ ಎಷ್ಟು ತಿಂಗಳು. ಕೆಳಗೆ ಭಟ್ಟಿಯವರ ಸಹಿ. ಎಲ್ಲರಿಗೂ ಹೊಸ ಒಲೆ ಬರಬೇಕಾದರೆ ಅನುದಾನದ ಅರ್ಜಿಗೆ ಇದು ಬೇಕಿತ್ತು. ನಮ್ಮ ಕಚೇರಿಯ ಮೇಲಿನ ಕೋಣೆಯಲ್ಲಿ ಸಭೆ ಕರೆದೆವು. ಸಾಹೇಬರು ಎದ್ದು ನಿಂತು, ಯಾರ ಮೇಲೂ ಕ್ರಮ ಆಗುವುದಿಲ್ಲ, ಧೈರ್ಯವಾಗಿ ನಿಜ ಬರೆಯಿರಿ ಎಂದರು. ಹೆಂಗಸರ ಸಾಲಿನಿಂದ ಆ ಸಣ್ಣ ಭಟ್ಟಿಯವಳು ಎದ್ದಳು.

"ಸಾಹೇಬ್ರ, ನೀವು ಹೇಳಿದ್ದು ಚಲೋ ಆತ್ರಿ. ಇದನ್ನ ಒಂದು ಕಾಗದದಾಗ ಬರದು, ಸಿಕ್ಕಾ ಹೊಡದು ನಮಗ ಕೊಡ್ರಿ."

ಸಾಹೇಬರು ಅವಳ ಕಡೆ ತಿರುಗಿದರು. "ನೋಡಮ್ಮಾ, ಅದನ್ನ ಬರೆದುಕೊಡೋಕೆ ನನಗೆ ಅಧಿಕಾರ ಇಲ್ಲ. ಆದ್ರೆ ನಾನು ಇರೋವರೆಗೂ ಏನೂ ಆಗಲ್ಲ," ಎಂದರು.

"ನೀವು ಹೋದ ಮ್ಯಾಲ್ರಿ?"

ಆಗ ಎದ್ದವಳು ನಾನು. ಯಾರೂ ನನ್ನನ್ನು ಏಳು ಎಂದಿರಲಿಲ್ಲ. "ಸಾಹೇಬ್ರು ಹೋದ್ರೂ ನಾ ಇರ್ತೇನಿ. ನನ್ನ ಮಾತಿನ ಮ್ಯಾಲ ಬರೀರಿ," ಎಂದೆ. ಈಗಲೂ ಆ ಮಾತು ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ. ಒಬ್ಬ ಆರೋಗ್ಯ ನಿರೀಕ್ಷಕಿಯ ಮಾತಿಗೆ ಎಷ್ಟು ಬೆಲೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮೊದಲು ಹಿರಿಯರು ಬರೆದರು. ನಾನು ತುಂಬಿಕೊಡುತ್ತೇನೆ ಎಂದರೂ ಬಿಡದೆ, ಕನ್ನಡಕ ಹಾಕಿಕೊಂಡು ತಾವೇ ಬರೆದರು. ಕೊಟ್ಟ ಜಾಗ ಸಾಲದೆ ಹಿಂದಿನ ಮಗ್ಗುಲಿಗೂ ಬರೆದರು. ಯಾವ ತಿಂಗಳಲ್ಲಿ ಎಷ್ಟು ಟೈರು, ಯಾವ ವರ್ಷದಿಂದ ಶುರುಮಾಡಿದ್ದು, ಹೊಸ ಒಲೆ ಬಂದ ಮೇಲೆ ಯಾವಾಗ ಬಿಟ್ಟದ್ದು, ಎಲ್ಲ. ಕೊನೆಗೆ ದುಂಡಗೆ ಸಹಿ ಮಾಡಿ, "ಹಗುರ ಆತು ನೋಡ ತಂಗಿ," ಎಂದರು. ಅವರನ್ನು ನೋಡಿ ಉಳಿದವರೂ ಬರೆದರು. ಸಣ್ಣ ಭಟ್ಟಿಯವಳು ನಮೂನೆಯನ್ನು ಮನೆಗೆ ಒಯ್ದು, ನಾಲ್ಕು ದಿನ ಇಟ್ಟುಕೊಂಡು, ಕೊನೆಗೆ ಗಂಡನ ಕೈಯಲ್ಲಿ ಬರೆಸಿ ತಂದುಕೊಟ್ಟಳು. "ನಿಮ್ಮ ಮಾರಿ ನೋಡಿ ಕೊಟ್ಟೇನ್ರಿ," ಎಂದಳು. ಓಣಿಯ ಕೊನೆಯ ಭಟ್ಟಿಯವನೊಬ್ಬ ಮಾತ್ರ ನಕ್ಕುಬಿಟ್ಟ. ಅವನ ಅಂಗಳದಲ್ಲಿ ನಾನೇ ಕಣ್ಣಾರೆ ಟೈರಿನ ರಾಶಿ ಕಂಡಿದ್ದೆ. ಅವನು ನಮೂನೆಯಲ್ಲಿ ಹೊಟ್ಟು ಎಂದಷ್ಟೇ ಬರೆದು ನನ್ನ ಕೈಗಿತ್ತ.

ಹತ್ತು ಖರೇ ಕಾಗದ, ಒಂದು ಸುಳ್ಳು ಕಾಗದ. ಅವನ್ನು ಕಡತದಲ್ಲಿ ಜೋಡಿಸಿದ ದಿನ ನನಗೆ ಹೆಮ್ಮೆಯಾಗಿತ್ತು. ಊರಿನ ಕಚೇರಿಗೂ ಓಣಿಗೂ ನಡುವೆ ಏನೋ ಒಂದನ್ನು ನಾನು ಕಟ್ಟಿದೆ ಅಂದುಕೊಂಡಿದ್ದೆ.

ಅನುದಾನದ ಅರ್ಜಿ ಮೇಲೆ ಹೋಯಿತು. ಉತ್ತರ ಬರುವ ಮೊದಲೇ ಸಾಹೇಬರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಹಿರಿಯರು ಒಂದು ಚೀಲ ಚುರುಮುರಿ ತಂದು ಅವರ ಜೀಪಿನಲ್ಲಿ ಇಟ್ಟರು. ಸಾಹೇಬರ ಕಣ್ಣಲ್ಲಿ ನೀರು ಬಂತು. ಅದು ನಾಟಕವಾಗಿರಲಿಲ್ಲ, ಅವರು ಒಳ್ಳೆಯವರೇ. ಆ ಒಳ್ಳೆಯತನವನ್ನು ಅವರು ಕಾಗದದಲ್ಲಿ ಬಿಟ್ಟುಹೋಗಲಿಲ್ಲ, ಅಷ್ಟೇ.

ಹೊಸದಾಗಿ ಬಂದವರು ವಿಜಾಪುರದ ಕಡೆಯವರು, ನಿವೃತ್ತಿ ಹತ್ತಿರ ಬಂದಿತ್ತು. ಬಂದ ಎರಡನೆಯ ತಿಂಗಳಿಗೆ ಮೇಲಿನವರ ಪರಿಶೀಲನಾ ಸಭೆ ಇತ್ತು. ಶಾಲೆಯ ಕಡೆಯವರು ಯಾರೋ ಹೊಗೆಯ ಬಗ್ಗೆ ದೂರು ಬರೆದಿದ್ದರು. ಏನು ಕ್ರಮ ತೆಗೆದುಕೊಂಡಿದ್ದೀರಿ ಎಂದು ಸಭೆಯಲ್ಲಿ ಇವರನ್ನು ನಿಲ್ಲಿಸಿ ಕೇಳಿದರಂತೆ. ಮರುದಿನ ನನ್ನನ್ನು ಕರೆದರು. ಮೇಜಿನ ಮೇಲೆ ನನ್ನದೇ ಕಡತ ಇತ್ತು.

"ಹತ್ತು ಮಂದಿ ತಾವ ಒಪ್ಪಿಕೊಂಡು ಸಹಿ ಮಾಡ್ಯಾರಲ್ರಿ. ಇದಕ್ಕಿಂತ ಚಲೋ ಪುರಾವೆ ಎಲ್ಲಿ ಸಿಗತೈತಿ? ಇವತ್ತ ನೋಟಿಸ್ ತಯಾರ ಮಾಡ್ರಿ."

"ಸರ್, ಅದು ಅನುದಾನಕ್ಕ ತಗೊಂಡ ಕಾಗದ್ರಿ. ಕ್ರಮ ಆಗೂದಿಲ್ಲ ಅಂತ ಮಾತ ಕೊಟ್ಟೇವ್ರಿ."

"ಯಾರ ಕೊಟ್ಟಾರ? ಎಲ್ಲೈತಿ ಮಾತು? ತೋರಸ್ರಿ."

ತೋರಿಸಲು ಏನೂ ಇರಲಿಲ್ಲ. ಹಿರಿಯರ ಭಟ್ಟಿಯಾದರೂ ಬಿಡಿ ಎಂದೆ. ಅವರು ಟೈರು ಬಿಟ್ಟು ತಿಂಗಳುಗಳಾಗಿವೆ, ಬಂದು ಚಿಮಣಿ ನೋಡಿ ಎಂದೆ.

"ಬಿಟ್ಟದ್ದಕ್ಕ ಸರಕಾರಿ ಕಾಗದ ಐತೇನ್ರಿ? ಸುಟ್ಟದ್ದಕ್ಕ ಐತಿ. ಎರಡೂ ಮಗ್ಗಲ ಬರದಾರ, ಮಹಾರಾಯರು." ಅವರು ಕಡತ ಮುಚ್ಚಿದರು. ಧ್ವನಿ ಇಳಿಸಿ, "ನನಗೂ ಗೊತ್ತಾಗತೈತ್ರಿ ಬಾಯಾರ. ಆದ್ರ ಮ್ಯಾಲಿನವರು ನನ್ನ ಕೇಳ್ತಾರ, ನಿಮ್ಮನ್ನಲ್ಲ," ಎಂದರು.

ಕೊನೆಯ ಭಟ್ಟಿಗೂ ನೋಟಿಸ್ ಕೊಡಬೇಕಲ್ಲ ಎಂದು ಕೇಳಿದೆ. ಅವನ ಕಾಗದದಲ್ಲಿ ಹೊಟ್ಟು ಎಂದು ಇದೆಯಲ್ಲ, ಪುರಾವೆ ಇಲ್ಲದೆ ಹೇಗೆ ಕೊಡುವುದು ಎಂದರು.

ಹಳೇ ಸಾಹೇಬರಿಗೆ ಫೋನ್ ಮಾಡಿದೆ. "ಅಯ್ಯೋ, ಹಾಗಾಗಬಾರದಿತ್ತು ಮೇಡಂ," ಎಂದರು. ಎರಡು ಸಲ ಹೇಳಿದರು. ಹೊಸ ಸಾಹೇಬರಿಗೆ ಒಂದು ಮಾತು ಹೇಳಿ ಎಂದೆ. ತಾವೀಗ ಅಲ್ಲಿ ಇಲ್ಲ, ಹೇಳಿದರೆ ಚೆನ್ನಾಗಿರುವುದಿಲ್ಲ ಎಂದರು. ಮರುದಿನ ನನ್ನ ಫೋನಿಗೆ ಅವರಿಂದ ಒಂದು ಚಿತ್ರ ಬಂತು. ಹೊಸ ಊರಿನಲ್ಲಿ ಅವರು ಸಸಿ ನೆಡುತ್ತಿದ್ದರು.

ನೋಟಿಸುಗಳನ್ನು ತಯಾರಿಸಿದವಳು ನಾನು. ಕೆಳಗೆ ಸಹಿ ಮಾಡಿದವಳೂ ನಾನೇ, ಏಕೆಂದರೆ ಸ್ಥಳ ತನಿಖೆ ಮಾಡುವ ಅಧಿಕಾರಿ ನಾನು. ರಜೆ ಹಾಕಬಹುದಿತ್ತು. ಸಹಿ ಮಾಡುವುದಿಲ್ಲ ಎಂದು ಬರೆದು ಕೊಡಬಹುದಿತ್ತು. ಹಾಗೆ ಮಾಡಿದವರನ್ನು ನಾನು ಕಂಡಿದ್ದೇನೆ. ಅವರನ್ನು ಬೀದರಿನ ಕಡೆಗೋ ಇನ್ನೆಲ್ಲಿಗೋ ಎತ್ತಿಹಾಕಿದ್ದನ್ನೂ ಕಂಡಿದ್ದೇನೆ. ಮನೆಯಲ್ಲಿ ಅವ್ವನಿಗೆ ಹುಷಾರಿರಲಿಲ್ಲ. ಇದನ್ನು ನೆಪವೆಂದು ಬರೆಯುತ್ತಿಲ್ಲ, ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಅದು. ಅವ್ವ ಇಲ್ಲದಿದ್ದರೂ ಸಹಿ ಮಾಡುತ್ತಿದ್ದೆನೇನೋ. ನಾನು ಅಂಥ ಧೈರ್ಯದವಳಲ್ಲ.

ಹತ್ತು ಗಂಟೆಯ ಹೊತ್ತಿಗೆ ಓಣಿಗೆ ಹೋದೆ. ಜೊತೆಗೆ ಕಚೇರಿಯ ಜವಾನ ಇದ್ದ. ತಿರುವಿನಲ್ಲಿ ಯಾರೂ ಕೆಮ್ಮಲಿಲ್ಲ. ಕೆಮ್ಮುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಮೊದಲ ಭಟ್ಟಿಯವನು, "ಬರ್ರಿ ಬಾಯಾರ, ಒಲಿ ಮಂಜೂರಾತೇನ್ರಿ?" ಎಂದು ನಗುತ್ತ ಎದ್ದುಬಂದ. ನಾನು ಕಾಗದ ಚಾಚಿದೆ.

ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ನೋಟಿಸನ್ನು ತೆಗೆದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಅವರು ಬರೆದುಕೊಟ್ಟ ವಾಕ್ಯಗಳೇ ಅದರಲ್ಲಿ ಇದ್ದವು. ಕಾಯಿದೆಯ ಕಲಮುಗಳು ನಡುನಡುವೆ ಸೇರಿದ್ದವು ಅಷ್ಟೇ. ನಾನು ಏನೋ ವಿವರಿಸಲು ಹೋದೆ. ಅವರು ಕೈ ಎತ್ತಿ ತಡೆದರು.

"ನಾ ಬರದದ್ದನ್ನ ನನಗ ಓದಿ ಹೇಳಾಕ ಬಂದೀರೇನ್ರಿ ಮೇಡಂ?"

ಮೇಡಂ. ಬಾಯಾರ ಕೂಡ ಅಲ್ಲ. ಅವರು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಅವರು ಒಳಗೆ ಹೋಗಿ, ಸೊಸೆಗೆ ಹೇಳಿ ನನಗೂ ಜವಾನನಿಗೂ ಚಹಾ ತರಿಸಿದರು. ಕುಡಿಯುವವರೆಗೂ ನನ್ನ ಮುಖ ನೋಡದೆ ಕೂತಿದ್ದರು.

ಸಣ್ಣ ಭಟ್ಟಿಯವಳು ಜರಡಿ ಹಿಡಿದು ನಿಂತಿದ್ದಳು. ಕೆನ್ನೆಯ ಮೇಲೆ ಉಸುಕಿನ ಪುಡಿ ಅಂಟಿತ್ತು. ಕಾಗದವನ್ನು ಓದಲೂ ಇಲ್ಲ. ಜರಡಿಯ ಮೇಲೇ ಇಟ್ಟುಕೊಂಡು ಕೇಳಿದಳು.

"ಅಕ್ಕಾರ, ನಾವು ಸುಳ್ಳ ಹೇಳಿಕೋತ ಬಂದಾಗ ಇಷ್ಟು ವರ್ಷ ನಮಗ ಒಂದು ಚೀಟಿ ಬರಲಿಲ್ಲ. ಖರೇ ಹೇಳಿದ ಮ್ಯಾಲ ಬಂತು. ನೀವು ನಮಗ ಏನ ಕಲಿಸಿದ್ರಿ?"

ಅವಳ ಗಂಡ ಒಲೆಯ ಮುಂದಿನಿಂದ, "ಬಿಡ, ಅವರ ಕೈಯಾಗ ಏನೈತಿ," ಎಂದ. ಅವಳು ಅವನ ಕಡೆ ತಿರುಗಿ, "ಕೈಯಾಗ ಏನೂ ಇಲ್ಲಂದ್ರ ಅವತ್ತ ಸಭಾದಾಗ ಯಾಕ ಎದ್ದ ನಿಂತ್ರು?" ಎಂದಳು.

ನಾನು ಉಳಿದ ನೋಟಿಸುಗಳನ್ನು ಹಿಡಿದು ಮುಂದಿನ ಭಟ್ಟಿಗೆ ನಡೆದೆ.

ಹದಿನೈದು ದಿನದ ಗಡುವು ಮುಗಿದ ಮೇಲೆ ಮೂರು ಭಟ್ಟಿಗಳಿಗೆ ಸೀಲ್ ಹಾಕಿದೆವು. ಎಲ್ಲರಿಗಿಂತ ವಿವರವಾಗಿ ಬರೆದುಕೊಟ್ಟವರನ್ನೇ ಮೊದಲು ಹಿಡಿದದ್ದು. ಹಿರಿಯರ ಭಟ್ಟಿ, ಸಣ್ಣ ಭಟ್ಟಿ, ಇನ್ನೊಂದು. ಓಣಿಯಲ್ಲೇ ಕರೀ ಹೊಗೆ ಬಿಡದ ಒಂದೇ ಒಂದು ಒಲೆಯ ಬಾಗಿಲಿಗೆ ನಾವು ಅರಗು ಒತ್ತಿ ಬೀಗ ಹಾಕಿದೆವು. ಓಣಿಯ ಕೊನೆಯಲ್ಲಿ ಅವತ್ತೂ ಟೈರು ಉರಿಯುತ್ತಿತ್ತು. ಅರಗು ಕರಗಿಸುತ್ತಿದ್ದ ಜವಾನ ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ.

ಅನುದಾನ ಬರಲಿಲ್ಲ. ಕಾನೂನು ಕ್ರಮ ನಡೆಯುತ್ತಿರುವ ಉದ್ದಿಮೆಗಳಿಗೆ ಕೊಡಲು ಬರುವುದಿಲ್ಲ ಎಂದು ಪತ್ರ ಬಂತು. ಹಿರಿಯರು ಸೀಲ್ ತೆಗೆಸಲು ಒಂದು ಸಲವೂ ಕಚೇರಿಗೆ ಬರಲಿಲ್ಲ. ಮುಂದೆ ನಾವೇ ಸೀಲ್ ತೆಗೆದ ಮೇಲೆ ಹೊಸ ಒಲೆಯನ್ನು ಗುಜರಿಗೆ ಹಾಕಿದರು ಎಂದು ವೆಲ್ಡಿಂಗ್ ಅಂಗಡಿಯವನು ನನಗೆ ಹೇಳಿದ. ಸಂಘದ ಬೋರ್ಡು ಇಳಿಯಿತು. ಸಣ್ಣ ಭಟ್ಟಿಯವಳು, ಇನ್ನೂ ನಾಲ್ಕು ಮಂದಿ ಊರಿನ ಹದ್ದು ದಾಟಿ, ತಡಸದ ಕಡೆಯ ಒಂದು ಹಳ್ಳಿಯ ಹೊಲದಲ್ಲಿ ತಗಡು ಹೊದಿಸಿ ಭಟ್ಟಿ ಹಾಕಿಕೊಂಡರು. ಅಲ್ಲಿಗೆ ನಮ್ಮ ಅಧಿಕಾರ ಹೋಗುವುದಿಲ್ಲ. ಹೊಟ್ಟು ತರಿಸುವುದು ದೂರವಾಯಿತು, ಹೆದ್ದಾರಿಯ ಪಂಚರ್ ಅಂಗಡಿಗಳು ಹತ್ತಿರವಾದವು. ಈಗ ಅಲ್ಲಿ ವರ್ಷವಿಡೀ ಟೈರು. ಒಂದು ಸಲ ಹುಬ್ಬಳ್ಳಿಗೆ ಹೋಗುವಾಗ ಬಸ್ಸಿನಿಂದ ಆ ಕರೀ ಹೊಗೆ ಕಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದನ್ನ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರಿ?" ಎಂದಳು. ನಾನು ಕಿಟಕಿ ಮುಚ್ಚಿದೆ.

ಮರುವರ್ಷ ಮತ್ತೆ ಸಮೀಕ್ಷೆ ಆಯಿತು. ಉಳಿದ ಭಟ್ಟಿಯವರೆಲ್ಲ ಹೊಟ್ಟು ಎಂದು ಬರೆದರು. ಒಂದೇ ವರ್ಷದಲ್ಲಿ ಊರಿನಿಂದ ಟೈರಿನ ಹೊಗೆ ಪೂರ್ತಿ ಹೋಯಿತೆಂದು ವರದಿ ಮೇಲೆ ಹೋಯಿತು. ಪರಿಶೀಲನಾ ಸಭೆಯಲ್ಲಿ ನಮ್ಮ ಕಚೇರಿಗೆ ಚಪ್ಪಾಳೆ ಬಿತ್ತು. ಹೊಸ ಸಾಹೇಬರು ನೆಮ್ಮದಿಯಿಂದ ನಿವೃತ್ತರಾದರು. ನನಗೆ ನಾನು ಕೇಳಿದ್ದ ಊರಿಗೇ ವರ್ಗ ಕೊಟ್ಟರು.

ಆ ಊರಿನಲ್ಲೇ ಈಗ ಇದ್ದೇನೆ. ಕಳೆದ ಬೇಸಿಗೆಯಲ್ಲಿ ಇಲ್ಲಿಗೂ ಅದೇ ಆದೇಶ ಬಂತು, ಹೆಸರು ಮಾತ್ರ ಬೇರೆ. ಬೇಕರಿ, ಖಾನಾವಳಿ, ಇಟ್ಟಿಗೆ ಭಟ್ಟಿ, ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು ಎಂದು ಬರೆದಿತ್ತು. ಇಲ್ಲಿಯ ಮುಖ್ಯಾಧಿಕಾರಿಯವರಿಗೆ ಮೊದಲೇ ಹೇಳಿದೆ. ಖರೇ ಹೇಳಿದವರ ಮೇಲೆ ಕ್ರಮ ಆಗುವುದಿಲ್ಲ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕೊಡಿ, ಅದನ್ನು ಹಿಡಿದುಕೊಂಡು ಅಂಗಡಿ ಅಂಗಡಿಗೆ ಹೋಗುತ್ತೇನೆ ಎಂದೆ. ಅವರು ನನ್ನನ್ನು ಸೋಜಿಗದಿಂದ ನೋಡಿದರು. "ಹಂಗ ಬರದುಕೊಡಾಕ ಬರೂದಿಲ್ರಿ. ನೀವು ಹಿರೇರದೀರಿ, ಮಾತಾಡಿ ತಿಳಿಸಿ ಹೇಳ್ರಿ," ಎಂದರು.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಬೇಕರಿ ಇದೆ. ಮೂವತ್ತು ದಾಟಿದ ವಯಸ್ಸಿನ ಅಣ್ಣತಮ್ಮಂದಿರು ನಡೆಸುತ್ತಾರೆ. ಅಣ್ಣ ಬಾಗಿಲಲ್ಲಿ ಕುರ್ಚಿ ಹಾಕಿದ, ಆಗ ತಾನೇ ತೆಗೆದ ಬನ್ನು ಕೊಟ್ಟ. ಒಳಗೆ ಕಟ್ಟಿಗೆಯ ಒಲೆ. ಗೋಡೆಯ ಬದಿಗೆ ಏನನ್ನೋ ತಾಡಪತ್ರಿ ಹೊದಿಸಿ ಇಟ್ಟಿದ್ದರು. ನಾನು ನಮೂನೆ ತೆಗೆದೆ.

"ನಿಮ್ಮ ಹೆಸರ ಕೇಳೇವ್ರಿ ಬಾಯಾರ. ಹಿಂದಿನ ಊರಾಗ ಗಟಾರ ತಗಸಾಕ ನೀವ ನಿಂತಿದ್ರಿ ಅಂತ ನಮ್ಮ ಮಾವ ಹೇಳತಿದ್ದ," ಎಂದ. ಆಮೇಲೆ ತಮ್ಮನ ಕಡೆ ಒಮ್ಮೆ ನೋಡಿದ. ಇಬ್ಬರೂ ಮೊದಲೇ ಮಾತಾಡಿಕೊಂಡು ನಿರ್ಧಾರ ಮಾಡಿದ್ದರು ಎಂದು ಕಾಣುತ್ತಿತ್ತು. "ನಿಮ್ಮ ಮುಂದ ಮುಚ್ಚಿಡೂದು ಏನೈತ್ರಿ. ಖರೇ ಹೇಳಬೇಕಂದ್ರ, ಮಾವಿನ ಕಟ್ಟಿಗಿ ಸಿಗದಿದ್ದಾಗ ನಾವು..."

"ಬ್ಯಾಡ್ರಿ," ಎಂದೆ.

ಅವನು ಅರ್ಧಕ್ಕೆ ನಿಂತ.

"ಹೇಳಬ್ಯಾಡ್ರಿ. ಗ್ಯಾಸ್ ಒಲಿ ಐತಿಲ್ಲ ನಿಮ್ಮ ಕಡೆ?"

"ಒಂದು ಸಣ್ಣದೈತ್ರಿ, ಚಹಾಕ್ಕ."

ನಾನು ನಮೂನೆಯಲ್ಲಿ ಗ್ಯಾಸ್ ಎಂದು ಬರೆದೆ. ಉಳಿದ ಕಾಲಂಗಳಿಗೆ ಅಡ್ಡಗೆರೆ ಎಳೆದೆ. ಸಹಿ ಮಾಡಲು ಪೆನ್ನು ಕೊಟ್ಟೆ. ಅವನು ಕಾಗದವನ್ನೂ ನನ್ನನ್ನೂ ನೋಡಿದ. ಅವನ ಮುಖ ಬಾಡಿತು. ಏನೋ ಒಂದನ್ನು ಎತ್ತಿ ಕೊಡಲು ಬಂದವನ ಕೈಯನ್ನು ನಾನು ತಳ್ಳಿದಂತಿತ್ತು.

"ಹಿಂಗ ಬರದ್ರ ನಮಗ ಹೊಸಾ ಒಲಿ ಬರೂದಿಲ್ಲಲ್ರಿ ಬಾಯಾರ?"

"ಬರೂದಿಲ್ಲ," ಎಂದೆ. ಅವನು ಸಹಿ ಮಾಡಿದ. ನಾನು ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡು, ಪಕ್ಕದ ಖಾನಾವಳಿಯ ಮೆಟ್ಟಿಲು ಹತ್ತಿದೆ.